ಸಹಿ ಹಾಕಿದ ಮೇಲೆ: ಕರ್ಟ್ ಫ್ಲಡ್ ಎಂಬ ಬೇಸ್‌ಬಾಲ್ ಆಟಗಾರನ ಮೊಕದ್ದಮೆ



ಐಪಿಎಲ್ ಹರಾಜು ನಡೆದ ಮರುದಿನ ಯಾವ ತರಗತಿಗೆ ಹೋದರೂ ಪಾಠ ಸುಲಭವಾಗಿ ಶುರುವಾಗುವುದಿಲ್ಲ. ಯಾರು ಎಷ್ಟು ಕೋಟಿಗೆ ಹೋದ, ಆರ್‌ಸಿಬಿ ಯಾರನ್ನು ಕೊಂಡಿತು, ಯಾರನ್ನು ಬಿಟ್ಟಿತು ಎಂಬುದೇ ಮಾತು. ಕೊಳ್ಳುವುದು, ಮಾರುವುದು, ಬಿಡುವುದು ಎಂಬ ಈ ಕ್ರಿಯಾಪದಗಳನ್ನು ನಮ್ಮ ಹಿರಿಯರು ದನದ ಸಂತೆಯಲ್ಲಿ ಬಳಸುತ್ತಿದ್ದರು. ಆಟಗಾರರ ವಿಷಯದಲ್ಲಿ ನಾವು ಅವನ್ನು ಬಳಸುವಾಗ ಯಾರಿಗೂ ಮುಜುಗರವಾಗುವುದಿಲ್ಲ, ಏಕೆಂದರೆ ಹಣ ದೊಡ್ಡದು, ಆಟಗಾರರೂ ತಾವಾಗಿಯೇ ಹೆಸರು ಕೊಟ್ಟಿದ್ದಾರೆ.

ಆದರೆ ಅಮೆರಿಕದಲ್ಲಿ ಒಬ್ಬ ಆಟಗಾರನಿಗೆ ಇದರಿಂದ ಮುಜುಗರಕ್ಕಿಂತ ಹೆಚ್ಚಿನದೇನೋ ಆಯಿತು. ತನ್ನನ್ನು ಕೇಳದೆ ಒಂದು ತಂಡ ಇನ್ನೊಂದಕ್ಕೆ ತನ್ನನ್ನು ಕೊಟ್ಟುಬಿಡಬಹುದೇ ಎಂದು ಆತ ನ್ಯಾಯಾಲಯಕ್ಕೆ ಹೋದ. ಸೋತ. ಆ ಸೋಲಿನ ಕಥೆಯನ್ನು ರಾಜ್ಯಶಾಸ್ತ್ರ, ವಾಣಿಜ್ಯ ಎರಡೂ ವಿಭಾಗದವರು ಓದಬೇಕು ಎಂಬ ಆಸೆಯಿಂದ ಈ ಲೇಖನ. ಮುಂದೆ ಬಿ.ಕಾಂ. ಅಥವಾ ಕಾನೂನು ಓದುವ ಯೋಚನೆ ಇರುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮೊದಲು ಆಟದ ಬಗ್ಗೆ ಎರಡು ಮಾತು. ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆ 9 ಆಟಗಾರರು. ಅವರಲ್ಲಿ ಮೂವರು ದೂರದ ಹುಲ್ಲಿನ ಮೇಲೆ, ಎಡಕ್ಕೆ, ನಡುವೆ, ಬಲಕ್ಕೆ ನಿಂತಿರುತ್ತಾರೆ. ಇವರೇ ಔಟ್‌ಫೀಲ್ಡರ್‌ಗಳು. ಕ್ರಿಕೆಟ್‌ನ ಬೌಂಡರಿ ಬಳಿಯ ಫೀಲ್ಡರ್ ಎಂದು ತಿಳಿಯಬಹುದು, ಆದರೆ ಕೈಗೆ ಚರ್ಮದ ಗ್ಲೌಸ್ ಇರುತ್ತದೆ. ನಡುವೆ ನಿಲ್ಲುವವನು ಸೆಂಟರ್ ಫೀಲ್ಡರ್. ಅತಿ ಹೆಚ್ಚು ಓಡಬೇಕಾದವನು ಅವನು. ನಮ್ಮಲ್ಲಿ ಕ್ಯಾಚ್ ಬಿಟ್ಟರೆ ವೀಕ್ಷಕ ವಿವರಣೆಗಾರರು ಬೈದು ಸುಮ್ಮನಾಗುತ್ತಾರೆ. ಬೇಸ್‌ಬಾಲ್‌ನಲ್ಲಿ ಸುಲಭವಾಗಿ ಹಿಡಿಯಬೇಕಾದ ಚೆಂಡನ್ನು ಬಿಟ್ಟರೆ ಸ್ಕೋರ್ ಪುಸ್ತಕದಲ್ಲಿ ಅವನ ಹೆಸರಿನ ಮುಂದೆಯೇ 'ಎರರ್' ಎಂದು ಬರೆಯುತ್ತಾರೆ. ವೃತ್ತಿ ಮುಗಿಯುವಾಗ ಅವನ ರನ್‌ಗಳ ಜೊತೆ ಅವನ ತಪ್ಪುಗಳ ಒಟ್ಟು ಲೆಕ್ಕವೂ ಸಿಗುತ್ತದೆ.

ಕರ್ಟ್ ಫ್ಲಡ್ ಸೆಂಟರ್ ಫೀಲ್ಡರ್. 1966ರ ಇಡೀ ಋತುವಿನಲ್ಲಿ ಅವರ ಹೆಸರಿನ ಮುಂದೆ ಒಂದೂ ಎರರ್ ಇಲ್ಲ.

ಅವರು ಹುಟ್ಟಿದ್ದು 1938ರ ಜನವರಿ 18ರಂದು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ. ಬಡ ಕಪ್ಪು ಕುಟುಂಬ, ಆರು ಮಕ್ಕಳಲ್ಲಿ ಕೊನೆಯವರು. ಎತ್ತರವಿಲ್ಲ, ಮೈಕಟ್ಟೂ ಅಷ್ಟಕ್ಕಷ್ಟೆ, ಆದರೆ ಓಟ ಮತ್ತು ಚೆಂಡು ಎಲ್ಲಿ ಬೀಳುತ್ತದೆಂದು ಗುರುತಿಸುವ ಕಣ್ಣು ಅಪರೂಪದ್ದು. 1956ರಲ್ಲಿ, ಶಾಲೆ ಮುಗಿಸಿದ ಕೂಡಲೇ, ಸಿನ್ಸಿನಾಟಿ ತಂಡ ಅವರನ್ನು 4,000 ಡಾಲರ್ ಸಂಬಳಕ್ಕೆ ಸೇರಿಸಿಕೊಂಡಿತು. ನಿಮ್ಮ ವಯಸ್ಸಿಗಿಂತ ಒಂದು ವರ್ಷ ಹೆಚ್ಚು ಅಷ್ಟೆ.

ಹೊಸಬರನ್ನು ನೇರವಾಗಿ ದೊಡ್ಡ ತಂಡಕ್ಕೆ ಆಡಿಸುವುದಿಲ್ಲ. ಮೈನರ್ ಲೀಗ್ ಎಂಬ ಕೆಳಹಂತದ ಪಂದ್ಯಾವಳಿಗಳಲ್ಲಿ ಪಳಗಿಸುತ್ತಾರೆ. ಫ್ಲಡ್ ಅವರನ್ನು ಕಳಿಸಿದ್ದು ದಕ್ಷಿಣದ ನಾರ್ತ್ ಕೆರೊಲಿನಾಗೆ, ಮರುವರ್ಷ ಜಾರ್ಜಿಯಾದ ಸವಾನಾಕ್ಕೆ. ಜಾಕಿ ರಾಬಿನ್ಸನ್ 1947ರಲ್ಲೇ ದೊಡ್ಡ ಲೀಗಿನ ವರ್ಣಭೇದದ ಗೋಡೆಯನ್ನು ಒಡೆದಿದ್ದರು ನಿಜ. ಆದರೆ ದಕ್ಷಿಣದ ಊರುಗಳಲ್ಲಿ ಹೋಟೆಲು, ಬಸ್ಸು, ಕುಡಿಯುವ ನೀರಿನ ನಲ್ಲಿ ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ತಂಡದ ಬಸ್ಸು ಊಟಕ್ಕೆ ನಿಂತಾಗ ಬಿಳಿ ಆಟಗಾರರು ಒಳಗೆ ಹೋಗಿ ಮೇಜಿನ ಮುಂದೆ ಕೂರುತ್ತಿದ್ದರು. ಫ್ಲಡ್ ಹಿಂಬಾಗಿಲಿಗೆ ಹೋಗಬೇಕು, ಇಲ್ಲವೇ ಬಸ್ಸಿನಲ್ಲೇ ಕಾಯಬೇಕು. ಅವರು ಹೊಡೆದ ರನ್ ತಂಡದ್ದು, ಅವರ ಹಸಿವು ಮಾತ್ರ ಅವರದ್ದೇ.

ಆ ದಿನಗಳ ಒಂದು ಘಟನೆಯನ್ನು ಫ್ಲಡ್ ತಾವೇ ಹೇಳಿಕೊಂಡಿದ್ದಾರೆ. ಒಂದೇ ದಿನ ಎರಡು ಪಂದ್ಯಗಳಿದ್ದವು. ಮೊದಲ ಪಂದ್ಯ ಮುಗಿದಾಗ ಎಲ್ಲರೂ ಬೆವರಿನ ಸಮವಸ್ತ್ರ ಕಳಚಿ ಒಂದೇ ರಾಶಿಗೆ ಹಾಕಿದರು. ಒಗೆದು ಒಣಗಿಸಿ ಎರಡನೆಯ ಪಂದ್ಯಕ್ಕೆ ಕೊಡುವುದು ರೂಢಿ. ಫ್ಲಡ್ ಕೂಡ ಹಾಕಿದರು. ಬಟ್ಟೆ ನೋಡಿಕೊಳ್ಳುವವನು ಕೂಗಾಡಿ, ಒಂದು ಕೋಲಿನ ತುದಿಯಿಂದ ಅವರ ಸಮವಸ್ತ್ರವನ್ನು ಎತ್ತಿ ಬೇರೆ ಇಟ್ಟ. ಅದನ್ನು ಕಪ್ಪು ಜನರ ಬೀದಿಯ ಲಾಂಡ್ರಿಗೆ ಕಳಿಸಲಾಯಿತು. ಉಳಿದವರು ಶುಭ್ರ ಬಟ್ಟೆ ತೊಟ್ಟು ಮೈದಾನಕ್ಕಿಳಿದರು. ಫ್ಲಡ್ ತಮ್ಮ ಬಟ್ಟೆ ಬರುವವರೆಗೆ ಬತ್ತಲೆ ಕೂತಿದ್ದರು. ಕೋಲಿನ ತುದಿ ಎಂಬ ವಿವರ ಓದಿದಾಗ ಕರ್ನಾಟಕದವರಾದ ನಮಗೆ ಅದು ತೀರ ಅಪರಿಚಿತ ಅನಿಸುವುದಿಲ್ಲ. ಅಸ್ಪೃಶ್ಯತೆಯ ಆಚರಣೆಯನ್ನು ನಮ್ಮ ಸಂವಿಧಾನ 17ನೇ ವಿಧಿಯಲ್ಲಿ ಯಾಕೆ ಪ್ರತ್ಯೇಕವಾಗಿ ಹೆಸರಿಸಿ ನಿಷೇಧಿಸಿತು ಎಂದು ಕೇಳುವವರಿಗೆ ನಾನು ಈ ಲಾಂಡ್ರಿಯ ಪ್ರಸಂಗವನ್ನೂ ಹೇಳುವುದುಂಟು.

1957ರ ಡಿಸೆಂಬರ್‌ನಲ್ಲಿ ಸಿನ್ಸಿನಾಟಿ ತಂಡ ಫ್ಲಡ್ ಅವರನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಕೊಟ್ಟಿತು. ಆಗ ಅವರಿಗೆ 19 ವರ್ಷ. ಯಾರೂ ಅವರನ್ನು ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ.

ಸೇಂಟ್ ಲೂಯಿಸ್‌ನಲ್ಲಿ ಅವರು 12 ಋತುಗಳನ್ನು ಆಡಿದರು. ಅದರ ವಿವರವನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಕಾರ್ಡಿನಲ್ಸ್ 1964 ಮತ್ತು 1967ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. 1963ರಿಂದ 1969ರವರೆಗೆ ಸತತ 7 ವರ್ಷ ಫ್ಲಡ್ ಅವರಿಗೆ ಅತ್ಯುತ್ತಮ ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲೌ ಪ್ರಶಸ್ತಿ ಬಂತು. 1967ರಲ್ಲಿ ಅವರ ಬ್ಯಾಟಿಂಗ್ ಸರಾಸರಿ .335. ಬೇಸ್‌ಬಾಲ್‌ನಲ್ಲಿ .300 ದಾಟಿದವರನ್ನೇ ಉತ್ತಮ ಹೊಡೆತಗಾರರೆಂದು ಎಣಿಸುತ್ತಾರೆ.

ಆದರೆ ಮೈದಾನದ ಹೊರಗಿನ ಎರಡು ಸಂಗತಿ ಹೇಳಲೇಬೇಕು. 1962ರ ಫೆಬ್ರವರಿಯಲ್ಲಿ ಜಾಕಿ ರಾಬಿನ್ಸನ್ ಕರೆದರೆಂದು ಫ್ಲಡ್ ಮಿಸಿಸಿಪ್ಪಿಯ ಜ್ಯಾಕ್ಸನ್ ನಗರಕ್ಕೆ ಹೋಗಿ, ನಾಗರಿಕ ಹಕ್ಕುಗಳ ಸಭೆಯಲ್ಲಿ ವೇದಿಕೆ ಹಂಚಿಕೊಂಡರು. ಆ ಕಾಲದಲ್ಲಿ ಆ ರಾಜ್ಯದಲ್ಲಿ ಅಂಥ ವೇದಿಕೆ ಹತ್ತುವುದು ಜೀವಕ್ಕೇ ಅಪಾಯ. ಮತ್ತೆ 1964ರಲ್ಲಿ, ವರ್ಲ್ಡ್ ಸೀರೀಸ್ ಗೆದ್ದ ಬೆನ್ನಿಗೇ, ಕ್ಯಾಲಿಫೋರ್ನಿಯಾದ ಅಲಾಮೊ ಎಂಬ ಊರಲ್ಲಿ ಅವರ ಕುಟುಂಬ ಒಂದು ಬಾಡಿಗೆ ಮನೆ ಹಿಡಿಯಿತು. ಬಾಡಿಗೆದಾರರು ಕಪ್ಪು ಜನ ಎಂದು ಗೊತ್ತಾದಾಗ ಮನೆಯವರು ಒಳಗೆ ಬರಗೊಡುವುದಿಲ್ಲ ಎಂದು ಬಂದೂಕಿನ ಬೆದರಿಕೆ ಹಾಕಿದರು. ಫ್ಲಡ್ ಬೇರೆ ಮನೆ ಹುಡುಕಲಿಲ್ಲ. ನ್ಯಾಯಾಲಯಕ್ಕೆ ಹೋಗಿ ಆದೇಶ ತಂದು ಅದೇ ಮನೆಗೆ ಹೋದರು. ಬಾಡಿಗೆ ಮನೆ ಕೇಳಲು ಹೋಗಿ ಹೆಸರು ಹೇಳಿದ ಕೂಡಲೇ "ಈಗಷ್ಟೇ ಬೇರೆಯವರಿಗೆ ಕೊಟ್ಟಾಯಿತು" ಎಂಬ ಉತ್ತರ ಕೇಳಿದವರು ನಮ್ಮ ನಡುವೆಯೂ ಇರುವುದರಿಂದ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 1970ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ಈ ಮನುಷ್ಯನಿಗೆ ಆ ಮೆಟ್ಟಿಲು ಪರಿಚಿತವಾಗಿತ್ತು ಎಂಬುದನ್ನು ಮಾತ್ರ ನೆನಪಿಡಿ.

1968ರಲ್ಲಿ ಕಾರ್ಡಿನಲ್ಸ್ ಮತ್ತೆ ವರ್ಲ್ಡ್ ಸೀರೀಸ್ ಫೈನಲ್ ತಲುಪಿತು. ಎದುರಾಳಿ ಡೆಟ್ರಾಯಿಟ್ ಟೈಗರ್ಸ್. ಏಳನೆಯ, ಅಂದರೆ ನಿರ್ಣಾಯಕ ಪಂದ್ಯ. ಏಳನೇ ಇನ್ನಿಂಗ್ಸ್‌ವರೆಗೆ ಎರಡೂ ಕಡೆ ಸೊನ್ನೆ. ಆಗ ಜಿಮ್ ನಾರ್ತ್‌ರಪ್ ಹೊಡೆದ ಚೆಂಡು ಫ್ಲಡ್ ಕಡೆಗೆ ಬಂತು. ಅವರು ಮೊದಲು ಒಂದು ಹೆಜ್ಜೆ ಮುಂದಿಟ್ಟರು. ಚೆಂಡು ಹಿಂದಕ್ಕೆ ಹೋಗುತ್ತಿದೆ ಎಂದು ಅರಿವಾಗಿ ತಿರುಗುವಾಗ ಕಾಲು ಜಾರಿತು. ಚೆಂಡು ತಲೆಯ ಮೇಲಿಂದ ಹೋಯಿತು, ಎರಡು ರನ್ ಬಂತು, ಪಂದ್ಯ 4-1ಕ್ಕೆ ಡೆಟ್ರಾಯಿಟ್ ಪಾಲಾಯಿತು. ಸ್ಕೋರ್ ಪುಸ್ತಕ ಅದನ್ನು ಎರರ್ ಎಂದು ಬರೆಯಲಿಲ್ಲ. ಊರು ಬರೆಯಿತು.

ತಂಡದ ಮಾಲೀಕ ಆಗಸ್ಟ್ ಬುಷ್. ದೊಡ್ಡ ಬಿಯರ್ ಕಂಪನಿಯ ಒಡೆಯ. 1969ಕ್ಕೆ ಫ್ಲಡ್ ಅವರ ಸಂಬಳ 90,000 ಡಾಲರ್. ಆಗಿನ ಕಾಲಕ್ಕೆ ಬಹಳ ದೊಡ್ಡ ಮೊತ್ತ. ಆ ವರ್ಷದ ಅಕ್ಟೋಬರ್‌ನಲ್ಲಿ ಒಂದು ಬೆಳಗಿನ ಜಾವ ತಂಡದ ಕಚೇರಿಯ ಒಬ್ಬ ಕೆಳದರ್ಜೆಯ ಅಧಿಕಾರಿ ಫೋನ್ ಮಾಡಿ ತಿಳಿಸಿದ: ನಿಮ್ಮನ್ನು ಮತ್ತೆ ಮೂವರ ಜೊತೆ ಫಿಲಡೆಲ್ಫಿಯಾ ಫಿಲೀಸ್ ತಂಡಕ್ಕೆ ಕೊಡಲಾಗಿದೆ. 12 ವರ್ಷ ಆಡಿದವನಿಗೆ ಒಂದು ಫೋನ್ ಕರೆ. ಮನೆ, ಗೆಳೆಯರು, ಸಣ್ಣ ವ್ಯವಹಾರ ಎಲ್ಲ ಸೇಂಟ್ ಲೂಯಿಸ್‌ನಲ್ಲಿತ್ತು. ವಯಸ್ಸು 31.

ಇಲ್ಲಿ ಪಾಠದ ತಿರುಳು ಬರುತ್ತದೆ. ಹೀಗೆ ಕೊಡಲು ತಂಡಕ್ಕೆ ಅಧಿಕಾರ ಎಲ್ಲಿಂದ ಬಂತು?

ಪ್ರತಿ ಆಟಗಾರನ ಕರಾರಿನಲ್ಲೂ 'ರಿಸರ್ವ್ ಕ್ಲಾಸ್' ಎಂಬ ಒಂದು ಶರತ್ತು ಇತ್ತು. ಅದರ ಮೂಲ 1879ರಷ್ಟು ಹಳೆಯದು. ಕೆಲಸ ಮಾಡುವ ರೀತಿ ಹೀಗೆ. ಕರಾರು ಒಂದು ವರ್ಷದ್ದು. ವರ್ಷ ಮುಗಿದಾಗ ಆಟಗಾರ ಹೊಸ ಕರಾರಿಗೆ ಸಹಿ ಹಾಕದಿದ್ದರೆ, ತಂಡ ತಾನೇ ಹಳೆಯ ಕರಾರನ್ನು ಇನ್ನೊಂದು ವರ್ಷಕ್ಕೆ ನವೀಕರಿಸಬಹುದು. ಸರಿ, ಎರಡು ವರ್ಷ ಆಯಿತಲ್ಲ, ಮುಗಿಯಿತು ಎನ್ನುತ್ತೀರಿ. ಇಲ್ಲ. ನವೀಕರಿಸಿದ ಕರಾರಿನೊಳಗೂ ಅದೇ ನವೀಕರಣದ ಶರತ್ತು ಇದೆ, ಆದ್ದರಿಂದ ಅದನ್ನು ಮತ್ತೆ ನವೀಕರಿಸಬಹುದು, ಮತ್ತೆ, ಮತ್ತೆ. ಎದುರು ಬದುರು ಇಟ್ಟ ಎರಡು ಕನ್ನಡಿಗಳಲ್ಲಿ ಮುಖ ನೋಡಿದಂತೆ. ಇದರ ಜೊತೆಗೆ ಒಂದು ತಂಡ ಕಾಯ್ದಿರಿಸಿದ ಆಟಗಾರನನ್ನು ಇನ್ನೊಂದು ತಂಡ ಮುಟ್ಟುವುದಿಲ್ಲ ಎಂದು ಎಲ್ಲ ತಂಡಗಳೂ ತಮ್ಮತಮ್ಮಲ್ಲಿ ಒಪ್ಪಿಕೊಂಡಿದ್ದವು. ಹೀಗಾಗಿ 18ನೇ ವಯಸ್ಸಿನಲ್ಲಿ ಒಮ್ಮೆ ಸಹಿ ಹಾಕಿದರೆ ಬದುಕಿಡೀ ಆ ತಂಡದವನು. ತಂಡ ಬೇಕೆಂದರೆ ಅವನನ್ನು ಮಾರಬಹುದು, ಬದಲಾಯಿಸಬಹುದು, ಕೈಬಿಡಬಹುದು. ಅವನು ಮಾಡಬಹುದಾದದ್ದು ಒಂದೇ: ಆಟವನ್ನೇ ಬಿಡುವುದು.

ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ ಇದನ್ನು ಕೇಳಿ ಒಳ್ಳೆಯ ಪ್ರಶ್ನೆ ಎತ್ತಿದ: "ಸರ್, ಓದಿ ಸಹಿ ಹಾಕಿದ್ದಾರಲ್ಲ? ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು ಅಂತ ನಮ್ಮ ದೀನ್ ಹೇಳುತ್ತೆ. ಕರಾರು ಮುರಿಯುವವನನ್ನು ನಾವು ಹೀರೋ ಮಾಡಬೇಕಾ?" ಪ್ರಶ್ನೆ ಹಗುರವಾದದ್ದಲ್ಲ. ಕರಾರನ್ನು ಪಾಲಿಸುವುದು ಧರ್ಮದಲ್ಲೂ ಕಾನೂನಿನಲ್ಲೂ ಕರ್ತವ್ಯವೇ. ಆದರೆ ಕರಾರು ಅನ್ನಿಸಿಕೊಳ್ಳಲು ಎರಡೂ ಕಡೆಯ ಮುಕ್ತ ಸಮ್ಮತಿ ಬೇಕು. ನಿಕಾಹ್ ಹೊತ್ತಿನಲ್ಲಿ ಹುಡುಗಿಯ ಒಪ್ಪಿಗೆ ಕೇಳಿ ಬರಲು ಹಿರಿಯರು ಒಳಗೆ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ; ಆ ಒಂದು ಮಾತು ಬರುವವರೆಗೆ ಚಪ್ಪರದಲ್ಲಿ ಎಲ್ಲವೂ ನಿಂತಿರುತ್ತದೆ. ದೇಶದ ಎಲ್ಲ ತಂಡಗಳೂ ಒಂದೇ ಶರತ್ತು ಮುಂದಿಟ್ಟು, ಒಪ್ಪದವನಿಗೆ ಬೇರೆಲ್ಲೂ ಕೆಲಸವಿಲ್ಲ ಎಂದು ಮೊದಲೇ ತಮ್ಮೊಳಗೆ ಮಾತಾಡಿಕೊಂಡಿದ್ದರೆ, ಆ ಸಹಿಯನ್ನು ಮುಕ್ತ ಸಮ್ಮತಿ ಎನ್ನುವುದು ಕಷ್ಟ. ಇನ್ನೊಂದು ಅಂಶವೂ ಇದೆ. ಫ್ಲಡ್ ಋತುವಿನ ನಡುವೆ ಕೈಕೊಟ್ಟು ಓಡಿಹೋಗಲಿಲ್ಲ. 1969ರ ಋತುವನ್ನು ಪೂರ್ತಿ ಆಡಿದ್ದರು. ವರ್ಷದ ಕರಾರು ಮುಗಿದ ಮೇಲೆ ತಾನು ಯಾರಿಗೆ ಸೇರಿದವನು ಎಂಬುದಷ್ಟೇ ಅವರ ಪ್ರಶ್ನೆ.

ಮಾಲೀಕರ ವಾದವನ್ನೂ ಕೇಳಬೇಕು. ಈ ಶರತ್ತು ಇಲ್ಲದಿದ್ದರೆ ಶ್ರೀಮಂತ ತಂಡಗಳು ಎಲ್ಲ ಒಳ್ಳೆಯ ಆಟಗಾರರನ್ನು ಕೊಂಡುಬಿಡುತ್ತವೆ, ಸಣ್ಣ ಊರಿನ ತಂಡಗಳು ಸಾಯುತ್ತವೆ, ಪೈಪೋಟಿಯೇ ಉಳಿಯದು. ಮೈನರ್ ಲೀಗಿನಲ್ಲಿ ವರ್ಷಗಟ್ಟಲೆ ಖರ್ಚು ಮಾಡಿ ತಯಾರು ಮಾಡಿದವನನ್ನು ಇನ್ನೊಬ್ಬರು ಎತ್ತಿಕೊಂಡು ಹೋದರೆ ಯಾರು ತರಬೇತಿ ಕೊಡುತ್ತಾರೆ ಎಂದು ಅವರು ಕೇಳುತ್ತಿದ್ದರು. ಎರಡನೆಯ ಮಾತಿನಲ್ಲಿ ಹುರುಳಿದೆ. ಮೊದಲನೆಯದರ ಬಗ್ಗೆ ಒಂದೇ ಲೆಕ್ಕ ಸಾಕು: ಈ ಶರತ್ತು ಪೂರ್ಣ ಜಾರಿಯಲ್ಲಿದ್ದ 1949ರಿಂದ 1964ರವರೆಗಿನ 16 ಋತುಗಳಲ್ಲಿ 14 ಸಲ ಅಮೆರಿಕನ್ ಲೀಗಿನ ಪಟ್ಟ ಗೆದ್ದದ್ದು ನ್ಯೂಯಾರ್ಕ್ ಯಾಂಕೀಸ್. ಅದಕ್ಕಿಂತ ಶ್ರೀಮಂತ ತಂಡ ಇರಲಿಲ್ಲ.

ಫ್ಲಡ್ ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಬಳಿಗೆ ಹೋದರು. ಮಿಲ್ಲರ್ ಅದಕ್ಕೆ ಮೊದಲು ಉಕ್ಕು ಕಾರ್ಮಿಕರ ಸಂಘದಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದವರು, ಸಿಹಿ ಮಾತಿನವರಲ್ಲ. ಅವರು ಧೈರ್ಯ ತುಂಬಲಿಲ್ಲ, ಹೆದರಿಸಿದರು: ಗೆಲ್ಲುವ ಸಾಧ್ಯತೆ ತೀರ ಕಡಿಮೆ, ಗೆದ್ದರೂ ನಿನಗೆ ಪರಿಹಾರ ಸಿಗಲಿಕ್ಕಿಲ್ಲ, ಮತ್ತೆಂದೂ ಆಟದಲ್ಲಿ ಕೆಲಸ ಸಿಗದು. ಉಳಿದ ಆಟಗಾರರಿಗೆ ಇದರಿಂದ ಒಳ್ಳೆಯದಾಗುತ್ತದೆಯೇ ಎಂದು ಫ್ಲಡ್ ಕೇಳಿದರು. ಆಗುತ್ತದೆ ಎಂದರು ಮಿಲ್ಲರ್. ಡಿಸೆಂಬರ್‌ನಲ್ಲಿ ಪೋರ್ಟೊ ರಿಕೊದಲ್ಲಿ ಸಂಘದ ಪ್ರತಿನಿಧಿಗಳ ಸಭೆ ನಡೆಯಿತು. ಅಲ್ಲಿ ಒಬ್ಬ ಆಟಗಾರ ನೇರವಾಗಿ ಕೇಳಿದ: ನೀನು ಕಪ್ಪು ವರ್ಣದವನು ಎಂಬ ಕಾರಣಕ್ಕೆ ಇದನ್ನು ಮಾಡುತ್ತಿದ್ದೀಯಾ? ಕಪ್ಪು ಮನುಷ್ಯನಾಗಿ ತಾನು ಅನುಭವಿಸಿದ್ದು ತನ್ನನ್ನು ಹೆಚ್ಚು ಸೂಕ್ಷ್ಮ ಮಾಡಿರಬಹುದು, ಆದರೆ ಇದು ಎಲ್ಲ ಆಟಗಾರರ ಪ್ರಶ್ನೆ ಎಂಬ ಅರ್ಥದ ಉತ್ತರ ಕೊಟ್ಟರು ಫ್ಲಡ್. ಸಂಘ 25-0 ಮತಗಳಿಂದ ಬೆಂಬಲ ಸೂಚಿಸಿತು.

1969ರ ಡಿಸೆಂಬರ್ 24ರಂದು ಅವರು ಬೇಸ್‌ಬಾಲ್ ಕಮಿಷನರ್ ಬೋವಿ ಕುನ್ ಅವರಿಗೆ ಒಂದು ಪುಟ್ಟ ಪತ್ರ ಬರೆದರು. 12 ವರ್ಷ ಆಡಿದ ಮೇಲೆ ನನ್ನ ಇಷ್ಟವನ್ನು ಕೇಳದೆ ಕೊಳ್ಳುವ ಮಾರುವ ಆಸ್ತಿ ನಾನಲ್ಲ, ಬೇರೆ ತಂಡಗಳ ಆಹ್ವಾನಗಳನ್ನೂ ನೋಡುವ ಹಕ್ಕು ನನಗಿದೆ ಎಂಬುದು ಅದರ ಸಾರಾಂಶ. ಕಮಿಷನರ್ ಒಪ್ಪಲಿಲ್ಲ. 1970ರ ಜನವರಿಯಲ್ಲಿ ಮೊಕದ್ದಮೆ ದಾಖಲಾಯಿತು. ಅದೇ ತಿಂಗಳು ಟಿವಿ ಸಂದರ್ಶನದಲ್ಲಿ, ವರ್ಷಕ್ಕೆ 90,000 ಡಾಲರ್ ಪಡೆಯುವವನು ಗುಲಾಮನಂತೆ ಮಾತಾಡುವುದೇ ಎಂಬ ಪ್ರಶ್ನೆ ಬಂತು. ಸಂಬಳ ಚೆನ್ನಾಗಿದ್ದರೂ ಗುಲಾಮ ಗುಲಾಮನೇ ಎಂದರು ಫ್ಲಡ್. ಆ ಮಾತು ಪತ್ರಿಕೆಗಳಿಗೆ ಹಬ್ಬವಾಯಿತು, ಅಭಿಮಾನಿಗಳಿಗೆ ಸಿಟ್ಟು ತರಿಸಿತು. ನನ್ನ ಮಟ್ಟಿಗೆ, ಕಾನೂನಿನ ದೃಷ್ಟಿಯಲ್ಲಿ ಆ ಪದ ಭಾರವಾಯಿತು. ಗುಲಾಮನಿಗೆ ಕೆಲಸ ಬಿಟ್ಟುಹೋಗುವ ದಾರಿ ಇರಲಿಲ್ಲ, ಫ್ಲಡ್‌ಗೆ ಇತ್ತು. ಬಲವಂತದ ದುಡಿಮೆಯನ್ನು ನಿಷೇಧಿಸುವ ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿಯ ಆಧಾರದ ಮೇಲೆ ಅವರ ವಕೀಲರು ಮಾಡಿದ ವಾದವೂ ಇದೇ ಕಾರಣಕ್ಕೆ ನಿಲ್ಲಲಿಲ್ಲ. ಆದರೆ ಬಟ್ಟೆಯನ್ನು ಕೋಲಿನ ತುದಿಯಿಂದ ಎತ್ತಿಸಿಕೊಂಡವನಿಗೆ ಬೇರೆ ಪದ ಯಾಕೆ ನಾಲಿಗೆಗೆ ಬರಲಿಲ್ಲ ಎಂಬುದೂ ಅರ್ಥವಾಗುತ್ತದೆ.

ವಿಚಾರಣೆ 1970ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಫ್ಲಡ್ ಪರ ವಕೀಲರು ಆರ್ಥರ್ ಗೋಲ್ಡ್‌ಬರ್ಗ್, ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ. ಜಾಕಿ ರಾಬಿನ್ಸನ್ ಬಂದು ಸಾಕ್ಷಿ ಹೇಳಿದರು. ಆಗ ಅವರ ಆರೋಗ್ಯ ಕುಸಿದಿತ್ತು. ಹಿಂದಿನ ತಲೆಮಾರಿನ ತಾರೆ ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ಆದರೆ ಆಗ ಆಡುತ್ತಿದ್ದ ಒಬ್ಬನೇ ಒಬ್ಬ ಆಟಗಾರ ನ್ಯಾಯಾಲಯಕ್ಕೆ ಬಂದು ಹಿಂದಿನ ಬೆಂಚಿನಲ್ಲೂ ಕೂರಲಿಲ್ಲ. 25-0 ಮತ ಹಾಕಿದ್ದ ಸಂಘ ಖರ್ಚು ಕೊಟ್ಟಿತು, ಆದರೆ ಮುಖ ತೋರಿಸುವ ಧೈರ್ಯ ಬೇರೆಯೇ. ಅವರ ಕೆಲಸ ಹೋಗುತ್ತಿತ್ತು ಎಂಬುದು ನಿಜ. ಫ್ಲಡ್ ಅವರದ್ದು ಆಗಲೇ ಹೋಗಿತ್ತು.

ವಾದದ ಮುಖ್ಯ ಎಳೆ 1890ರ ಶರ್ಮನ್ ಕಾಯ್ದೆ. ವ್ಯಾಪಾರಿಗಳು ಒಳಗೊಳಗೇ ಕೂಡಿಕೊಂಡು ಪೈಪೋಟಿಯನ್ನು ಕೊಲ್ಲಬಾರದು ಎನ್ನುವ ಕಾನೂನು ಅದು. ನಮ್ಮ 2002ರ ಸ್ಪರ್ಧಾ ಕಾಯ್ದೆಯ ದೂರದ ಅಜ್ಜ ಎನ್ನಿ. ತಂಡಗಳ ಒಳಒಪ್ಪಂದ ಈ ಕಾಯ್ದೆಗೆ ನೇರ ವಿರುದ್ಧ. ಆದರೆ 1922ರಲ್ಲೇ ಸುಪ್ರೀಂ ಕೋರ್ಟ್ ವಿಚಿತ್ರ ತೀರ್ಪೊಂದನ್ನು ಕೊಟ್ಟಿತ್ತು: ಬೇಸ್‌ಬಾಲ್ ಪಂದ್ಯ ಸ್ಥಳೀಯ ಪ್ರದರ್ಶನ, ಆಟಗಾರರು ರಾಜ್ಯದಿಂದ ರಾಜ್ಯಕ್ಕೆ ಪ್ರಯಾಣಿಸುವುದು ಕೇವಲ ಪ್ರಾಸಂಗಿಕ, ಆದ್ದರಿಂದ ಇದು ಅಂತರರಾಜ್ಯ ವಾಣಿಜ್ಯವಲ್ಲ, ಕಾಯ್ದೆ ಅನ್ವಯಿಸದು. 1953ರಲ್ಲಿ ಇನ್ನೊಬ್ಬ ಆಟಗಾರ ಕೇಳಿದಾಗಲೂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮುಂದೆ ಬಾಕ್ಸಿಂಗ್ ಬಂತು, ಫುಟ್‌ಬಾಲ್ ಬಂತು. ಅವಕ್ಕೆ ಮಾತ್ರ ಕಾಯ್ದೆ ಅನ್ವಯಿಸುತ್ತದೆ ಎಂದಿತು.

ಜಿಲ್ಲಾ ನ್ಯಾಯಾಲಯದಲ್ಲಿ ಫ್ಲಡ್ ಸೋತರು, ಮೇಲ್ಮನವಿಯಲ್ಲಿ ಸೋತರು. 1972ರ ಜೂನ್ 19ರಂದು ಸುಪ್ರೀಂ ಕೋರ್ಟ್ 5-3ರಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಒಬ್ಬ ನ್ಯಾಯಮೂರ್ತಿ, ಲೂಯಿಸ್ ಪವೆಲ್, ಬುಷ್ ಅವರ ಬಿಯರ್ ಕಂಪನಿಯ ಷೇರು ಹೊಂದಿದ್ದರಿಂದ ಹಿಂದೆ ಸರಿದಿದ್ದರು. ಬಹುಮತದ ತೀರ್ಪು ಬರೆದವರು ಹ್ಯಾರಿ ಬ್ಲ್ಯಾಕ್‌ಮನ್. ತೀರ್ಪಿನ ಮೊದಲ ಭಾಗದಲ್ಲಿ ಅವರು ಬೇಸ್‌ಬಾಲಿನ ಚರಿತ್ರೆಯನ್ನು ಹೊಗಳಿ, 80ಕ್ಕೂ ಹೆಚ್ಚು ಹಳೆಯ ಆಟಗಾರರ ಹೆಸರುಗಳನ್ನು ಅಭಿಮಾನಿಯಂತೆ ಪಟ್ಟಿ ಮಾಡಿದರು. ನಂತರ ಬೇಸ್‌ಬಾಲ್ ವ್ಯಾಪಾರವೇ, ಅಂತರರಾಜ್ಯ ವಾಣಿಜ್ಯವೇ ಎಂದು ಒಪ್ಪಿದರು. ಅದಕ್ಕೆ ಮಾತ್ರ ವಿನಾಯಿತಿ ಇರುವುದು ಅಸಂಗತ ಎಂದೂ ಒಪ್ಪಿದರು. ಆಮೇಲೆ, 50 ವರ್ಷ ನಡೆದುಬಂದ ಅಸಂಗತವನ್ನು ತಿದ್ದುವುದು ನಮ್ಮ ಕೆಲಸವಲ್ಲ, ಶಾಸಕಾಂಗದ್ದು ಎಂದರು.

ಪೂರ್ವ ತೀರ್ಪುಗಳನ್ನು ಗೌರವಿಸುವ ತತ್ವವನ್ನು ಪಾಠ ಮಾಡುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ತತ್ವ ಬೇಕು, ನ್ಯಾಯಾಧೀಶರು ಬದಲಾದಾಗಲೆಲ್ಲ ಕಾನೂನು ಬದಲಾದರೆ ಯಾರೂ ನೆಮ್ಮದಿಯಾಗಿ ವ್ಯವಹಾರ ಮಾಡಲಾಗದು. ಆದರೆ ತಪ್ಪೆಂದು ತಾನೇ ಹೇಳಿದ ಮೇಲೂ ಅದನ್ನು ಉಳಿಸಿಕೊಂಡರೆ ತತ್ವದ ಬೆಲೆಯನ್ನು ಒಬ್ಬ ಮನುಷ್ಯ ತನ್ನ ಬದುಕಿನಿಂದ ತೆರುತ್ತಾನೆ. ಭಿನ್ನಮತ ಬರೆದವರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ ಒಬ್ಬರು.

ಇದಕ್ಕೆ ಸುಮಾರು ಒಂದು ವರ್ಷ ಹಿಂದೆ, 1971ರ ಜೂನ್ 28ರಂದು, ಅದೇ ಸುಪ್ರೀಂ ಕೋರ್ಟ್ ಮುಹಮ್ಮದ್ ಅಲಿ ಅವರ ಶಿಕ್ಷೆಯನ್ನು ಸರ್ವಾನುಮತದಿಂದ ರದ್ದು ಮಾಡಿತ್ತು. ನಮ್ಮ ಹುಡುಗರಲ್ಲಿ ಅಲಿ ಗೊತ್ತಿಲ್ಲದವರಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗುವುದಿಲ್ಲ ಎಂದು ಪಟ್ಟ ಕಳೆದುಕೊಂಡವರು. ಇಬ್ಬರೂ ಒಂದೇ ಕಾಲದವರು, ಇಬ್ಬರೂ ವೃತ್ತಿಯ ಉತ್ತುಂಗದ ವರ್ಷಗಳನ್ನು ತಮ್ಮ ನಿಲುವಿಗಾಗಿ ಕೊಟ್ಟವರು. ಅಲಿ ರಿಂಗಿಗೆ ಮರಳಿದರು, ನ್ಯಾಯಾಲಯದಲ್ಲೂ ಗೆದ್ದರು, ಜಗತ್ತು ಅವರ ಹೆಸರು ಕೂಗಿತು. ಫ್ಲಡ್ ಹೆಸರನ್ನು ಈ ಲೇಖನಕ್ಕೆ ಮೊದಲು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದಿರಿ?

1970ರ ಋತುವನ್ನು ಫ್ಲಡ್ ಆಡಲೇ ಇಲ್ಲ. 1971ರಲ್ಲಿ ವಾಷಿಂಗ್ಟನ್ ತಂಡ 1,10,000 ಡಾಲರ್‌ಗೆ ಕರೆಯಿತು. ಒಂದು ವರ್ಷ ಬಿಟ್ಟಿದ್ದ ಮೈ ಒಗ್ಗಲಿಲ್ಲ, ಮನಸ್ಸೂ ಇರಲಿಲ್ಲ. 13 ಪಂದ್ಯಗಳ ನಂತರ ಮಾಲೀಕರಿಗೆ ತಂತಿ ಕಳಿಸಿ ದೇಶ ಬಿಟ್ಟು ಹೋದರು. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಒಂದು ಬಾರ್ ನಡೆಸಿದರು, ಕುಡಿತಕ್ಕೆ ಬಿದ್ದರು. ಸಾಲ, ಮುರಿದ ಕುಟುಂಬ. ಈ ವರ್ಷಗಳನ್ನು ಮುಚ್ಚಿಟ್ಟು ಅವರನ್ನು ಸಂತನನ್ನಾಗಿ ಮಾಡುವುದು ನನಗೆ ಇಷ್ಟವಿಲ್ಲ. ನಿಲುವು ಸರಿಯಾಗಿದ್ದ ಮಾತ್ರಕ್ಕೆ ಮನುಷ್ಯ ಕುಸಿಯುವುದಿಲ್ಲ ಎಂದೇನಿಲ್ಲ. ನಂತರ ಓಕ್ಲೆಂಡ್‌ಗೆ ಮರಳಿದರು, ಸ್ವಲ್ಪ ಕಾಲ ವೀಕ್ಷಕ ವಿವರಣೆ ಮಾಡಿದರು, 1986ರಲ್ಲಿ ನಟಿ ಜೂಡಿ ಪೇಸ್ ಅವರನ್ನು ಮದುವೆಯಾದರು. ಕೊನೆಯ ವರ್ಷಗಳು ಒಂದಿಷ್ಟು ಶಾಂತವಾಗಿದ್ದವು. 1997ರ ಜನವರಿ 20ರಂದು, 59 ತುಂಬಿ ಎರಡೇ ದಿನಕ್ಕೆ, ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡರು.

ಅಷ್ಟರಲ್ಲಿ ಆಟ ಬದಲಾಗಿತ್ತು. ಮೊಕದ್ದಮೆ ನಡೆಯುತ್ತಿದ್ದಾಗಲೇ, 1970ರಲ್ಲಿ, ಮಿಲ್ಲರ್ ಮಾಲೀಕರೊಡನೆ ಚೌಕಾಸಿ ಮಾಡಿ ಒಂದು ಸಣ್ಣ ಗೆಲುವು ಪಡೆದಿದ್ದರು: ಆಟಗಾರರ ದೂರುಗಳನ್ನು ಇನ್ನು ಮುಂದೆ ಕಮಿಷನರ್ ಅಲ್ಲ, ಹೊರಗಿನ ತಟಸ್ಥ ಮಧ್ಯಸ್ಥಗಾರ ತೀರ್ಮಾನಿಸಬೇಕು. ಆಗ ಅದು ಯಾರ ಕಣ್ಣಿಗೂ ದೊಡ್ಡದಾಗಿ ಕಾಣಲಿಲ್ಲ. 1975ರ ಡಿಸೆಂಬರ್‌ನಲ್ಲಿ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥಗಾರರ ಮುಂದೆ ಆ್ಯಂಡಿ ಮೆಸರ್‌ಸ್ಮಿತ್, ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಎಸೆತಗಾರರ ಪ್ರಕರಣ ಬಂತು. ಅವರು ಶರತ್ತಿನ ವಾಕ್ಯವನ್ನೇ ಓದಿದರು. ಒಂದು ವರ್ಷ ನವೀಕರಿಸಬಹುದು ಎಂದಿದೆ; ಹಾಗಾದರೆ ಅದು ಒಂದೇ ವರ್ಷ ಎಂದು ತೀರ್ಮಾನಿಸಿದರು. ಕನ್ನಡಿಗಳ ಸಾಲು ಅಲ್ಲಿಗೆ ಮುಗಿಯಿತು. 1969ರಲ್ಲಿ ಸುಮಾರು 25,000 ಡಾಲರ್ ಇದ್ದ ಸರಾಸರಿ ಸಂಬಳ 1980ಕ್ಕೆ 1,40,000 ದಾಟಿತು.

ನಮ್ಮ ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಬೇಕು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಒಬ್ಬ ವ್ಯಕ್ತಿ ನ್ಯಾಯಬದ್ಧ ವೃತ್ತಿ, ವ್ಯಾಪಾರ ನಡೆಸದಂತೆ ತಡೆಯುವ ಒಪ್ಪಂದ ಆ ಮಟ್ಟಿಗೆ ಶೂನ್ಯ. ಇದು ಕ್ರಿಕೆಟಿಗರೊಬ್ಬರ ವಿಷಯದಲ್ಲೇ ಪರೀಕ್ಷೆಗೆ ಬಂತು. ನಮ್ಮ ಆರ್‌ಸಿಬಿ ಪರವೂ ಆಡಿದ ಜಹೀರ್ ಖಾನ್, 2000ದಲ್ಲಿ ಪರ್ಸೆಪ್ಟ್ ಡಿ'ಮಾರ್ಕ್ ಎಂಬ ಸಂಸ್ಥೆಯ ಜೊತೆ ಜಾಹೀರಾತು ವ್ಯವಹಾರಗಳಿಗಾಗಿ ಮೂರು ವರ್ಷದ ಕರಾರು ಮಾಡಿಕೊಂಡಿದ್ದರು. ಅದರಲ್ಲಿ ಒಂದು ಶರತ್ತು: ಅವಧಿ ಮುಗಿದ ಮೇಲೂ ಬೇರೆ ಯಾರಾದರೂ ಕರೆದರೆ, ಮೊದಲು ಅದನ್ನು ಈ ಸಂಸ್ಥೆಗೆ ತಿಳಿಸಿ, ಅದೇ ಮೊತ್ತಕ್ಕೆ ಅವರಿಗೇ ಅವಕಾಶ ಕೊಡಬೇಕು. ಜಹೀರ್ ಬೇರೆ ಸಂಸ್ಥೆಗೆ ಹೋಗಲು ಹೊರಟಾಗ ಪ್ರಕರಣ ಬಾಂಬೆ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಕರಾರು ಜಾರಿಯಲ್ಲಿರುವಾಗ ಕಟ್ಟುವುದು ಬೇರೆ, ಮುಗಿದ ಮೇಲೂ ಕಟ್ಟುವುದು ಬೇರೆ. ಎರಡನೆಯದನ್ನು 27ನೇ ಕಲಂ ಒಪ್ಪುವುದಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಸಂಸ್ಥೆಗೆ ತಡೆಯಾಜ್ಞೆ ಕೊಡಲಿಲ್ಲ. ಫ್ಲಡ್ ಕೇಳಿದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು. ಮೊದಲ ಉದ್ಯೋಗಪತ್ರದ ಜೊತೆ 'ಬಾಂಡ್' ಎಂಬ ಕಾಗದ ನಿಮ್ಮ ಕೈಗೆ ಬಂದಾಗ ಕೊನೆಯ ಪುಟದ ಸಣ್ಣಕ್ಷರವನ್ನು ಓದಿ. ಎಷ್ಟು ಕಾಲ, ಯಾವುದಕ್ಕಾಗಿ, ಮುಗಿದ ಮೇಲೆ ಏನು ಎಂದು ಕೇಳಿ. ಕೇಳುವುದು ಅವಿಧೇಯತೆಯಲ್ಲ.

ಅಮೆರಿಕದ ಶಾಸಕಾಂಗ ಕೊನೆಗೂ ಕೆಲಸ ಮಾಡಿತು. 1973ರಲ್ಲಿ ಸಂಘದ ಒಪ್ಪಂದದ ಮೂಲಕವೇ ಒಂದು ನಿಯಮ ಬಂದಿತ್ತು: 10 ವರ್ಷ ಆಡಿ, ಕೊನೆಯ 5 ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡುವಂತಿಲ್ಲ. 1969ರಲ್ಲಿ ಅದು ಇದ್ದಿದ್ದರೆ ಆ ಬೆಳಗಿನ ಫೋನ್ ಬರುತ್ತಿರಲಿಲ್ಲ. 1998ರ ಅಕ್ಟೋಬರ್‌ನಲ್ಲಿ, ಫ್ಲಡ್ ತೀರಿಕೊಂಡು ಒಂದೂಮುಕ್ಕಾಲು ವರ್ಷದ ಮೇಲೆ, ಅಧ್ಯಕ್ಷ ಕ್ಲಿಂಟನ್ 'ಕರ್ಟ್ ಫ್ಲಡ್ ಕಾಯ್ದೆ'ಗೆ ಸಹಿ ಹಾಕಿದರು. ದೊಡ್ಡ ಲೀಗಿನ ಆಟಗಾರರ ಉದ್ಯೋಗದ ವಿಷಯದಲ್ಲಿ ಬೇಸ್‌ಬಾಲಿಗಿದ್ದ ವಿನಾಯಿತಿ ಅದರಿಂದ ರದ್ದಾಯಿತು. ಕಾಯ್ದೆಯ ವ್ಯಾಪ್ತಿಯನ್ನು ಓದುವಾಗ ಒಂದು ಅಂಶ ಗಮನಿಸಿ: ಮೈನರ್ ಲೀಗಿನ ಆಟಗಾರರನ್ನು ಅದು ಹೊರಗಿಟ್ಟಿತು. 1956ರಲ್ಲಿ ನಾರ್ತ್ ಕೆರೊಲಿನಾದ ಬಸ್ಸಿನಲ್ಲಿ ಕಾಯುತ್ತಿದ್ದ 18ರ ಹುಡುಗನಿಗೆ ಅವನದೇ ಹೆಸರಿನ ಕಾಯ್ದೆ ಅನ್ವಯಿಸುವುದಿಲ್ಲ. ಮೈನರ್ ಲೀಗಿನವರು ಮಿಲ್ಲರ್ ಕಟ್ಟಿದ ಅದೇ ಸಂಘವನ್ನು ಸೇರಿದ್ದು 2022ರಲ್ಲಿ.